ರೆಕಾರ್ಡಿಂಗ್‌ನಲ್ಲಿ ಕೇಳಿದ ತಟ್ಟೆಯ ಸದ್ದು

ಮೂರು ವರ್ಷಗಳ ಹಿಂದೆ, ಮಗಳು ಹಾಸ್ಟೆಲ್ ಸೇರಿದ ಮೇಲೆ, ಕೊಳ್ಳೇಗಾಲದ ನಮ್ಮ ಮನೆಯ ಊಟದ ಮೇಜಿನ ಮೇಲೆಯೇ ನನ್ನ ಮೊದಲ ಉದ್ಯೋಗ ಶುರುವಾಯಿತು. ಟ್ರಾನ್ಸ್‌ಕ್ರಿಪ್ಷನ್, ಅಂದರೆ ಸಂದರ್ಶನದ ರೆಕಾರ್ಡಿಂಗ್ ಕೇಳಿಸಿಕೊಂಡು ಅಕ್ಷರಕ್ಕಿಳಿಸುವ ಕೆಲಸ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದ ಟೈಪಿಂಗ್ ಕೊನೆಗೂ ಉಪಯೋಗಕ್ಕೆ ಬಂತು. ಮಾತಷ್ಟೇ ಅಲ್ಲ, ಕೆಮ್ಮು, ನಗು, ಮೌನವನ್ನೂ ಬರೆಯಬೇಕು. ಕೇಳಿದ್ದನ್ನು ಯಾರಿಗೂ ಹೇಳುವುದಿಲ್ಲ, ಗಂಡನಿಗೂ ಇಲ್ಲ ಎಂದು ಸಹಿ ಹಾಕಿದ್ದೆ. ಈಗ ಬರೆಯುತ್ತಿರುವುದು ಸಂಬಂಧಪಟ್ಟವರು ಒಪ್ಪಿದ ಮೇಲೆ, ಹೆಸರು ಬದಲಿಸಿ.

ಕೆಲಸ ಕೊಟ್ಟವಳು ಯಳಂದೂರಿನ ಪಲ್ಲವಿ. ಪಿಎಚ್.ಡಿ.ಗೆ ಸೇರಿ ವರ್ಷವೂ ತುಂಬಿರಲಿಲ್ಲ. ಶಾಲೆಯಲ್ಲಿ ಕಬಡ್ಡಿ ಆಡುತ್ತಿದ್ದ ಹುಡುಗಿಯರು ಆಟ ಬಿಟ್ಟದ್ದೇಕೆ ಎಂಬುದು ಅವಳ ವಿಷಯ. ಶಾಲಾ ಪಂದ್ಯಗಳಲ್ಲಿ ತೂಕಕ್ಕೆ ಮಿತಿ ಇರುತ್ತದೆ. ಮೀರಿದವರನ್ನು ಒಬ್ಬ ಕೋಚ್ ರೈಸ್ ಮಿಲ್ಲಿನ ಮೂಟೆ ತೂಗುವ ಯಂತ್ರದ ಮೇಲೆ ಎಲ್ಲರೆದುರು ನಿಲ್ಲಿಸಿ ಅಣಕಿಸುತ್ತಿದ್ದರಂತೆ. ತೂಕ ಇಳಿಸಲು ಹುಡುಗಿಯರು ಊಟ, ನೀರು ಬಿಟ್ಟು, ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ಓಡುತ್ತಿದ್ದರು.

ಒಂದು ರೆಕಾರ್ಡಿಂಗ್ ಹನೂರಿನ ಕಡೆಯ ಮನೆಯದು. ಮದುವೆಯಾಗಿ ಮಗುವಿರುವ ಹೆಣ್ಣುಮಗಳು ತವರಿಗೆ ಬಂದಿದ್ದಳು. ಅಮ್ಮನಿಗೆ ಗೊತ್ತಾಗಬಾರದು ಎಂಬ ಕರಾರಿನ ಮೇಲೆ ಪಲ್ಲವಿಗೆ ಪಿಸುದನಿಯಲ್ಲಿ ಎಲ್ಲ ಹೇಳುತ್ತಿದ್ದಳು. ಅಷ್ಟರಲ್ಲಿ ಬಳೆಯ ಸದ್ದು, ತಟ್ಟೆ ಇಟ್ಟ ಸದ್ದು. ಅಮ್ಮನ ದನಿ.

"ನಮ್ ಉಡ್ಗಿ ಆಗ ಆಟದ್ ಉಚ್ಚಲ್ಲಿ ಊಟನೇ ಮರ್ತ್‌ಬುಡ್ತಿತ್ತು ಕಣವ್ವಾ. ನೀನಾರ ಒಟ್ಟೆ ತುಂಬ ಉಣ್ಣು."

"ಸಾಕ್ ಬುಡವ್ವಾ, ಅವ್ರನ್ನೇನ್ ಕುಸ್ತಿಗ್ ಬುಡ್ತಿದ್ದೀಯಾ?" ಎಂದಳು ಮಗಳು. ಮೂವರೂ ನಕ್ಕರು. ನಾನು 'ನಗು' ಎಂದು ಟೈಪ್ ಮಾಡಿದೆ.

ಅಮ್ಮ ಒಳಗೆ ಹೋದ ಮೇಲೆ ಪಲ್ಲವಿ "ಒಂದ್ನಿಮಿಷ" ಎಂದು ಎದ್ದಳು. ಫೋನು ಜಗಲಿಯ ಮೇಲೆ ರೆಕಾರ್ಡ್ ಮಾಡುತ್ತಲೇ ಇತ್ತು. ನಲ್ಲಿಯ ನೀರು, ಅದರ ಹಿಂದೆ ವಾಂತಿ ಮಾಡುವ ಸದ್ದು. ಆಮೇಲೆ, ಪಲ್ಲವಿ ಮರಳಿದಾಗ, ಆ ಮಗಳ ದನಿ:

"ಅಕ್ಕಾ, ನಿಮ್ಮುನ್ನೂ ತೂಗಿದ್ರಾ?"

ಅದರ ಮುಂದೆ 'ಮೌನ' ಎಂದು ಬರೆಯಬೇಕಿತ್ತು. ಹೆಡ್‌ಫೋನ್ ತೆಗೆದಿಟ್ಟೆ.

ಮುಂದಿನ ವಾರ ನಮ್ಮ ಮನೆಗೆ ಬಂದಾಗ ಪಲ್ಲವಿ ಸೊರಗಿ, ವಾಚಿನ ಬೆಲ್ಟಿಗೆ ಹೊಸದೊಂದು ತೂತು ಕೊರೆದುಕೊಂಡಿದ್ದಳು. ಅವಳು ಬಂದಾಗಲೆಲ್ಲ ನಾನು ಬಡಿಸಿದ್ದು ಅರ್ಧ ಹಾಗೇ ಉಳಿಯುತ್ತಿದ್ದುದೇಕೆಂದೂ ಅಂದೇ ಅರ್ಥವಾಯಿತು. ಪಿಎಚ್.ಡಿ. ಬಿಡುತ್ತೇನೆ ಎಂದಳು. ಬಿಟ್ಟರೆ ಅವಳನ್ನು ನಂಬಿ ಬಾಯಿಬಿಟ್ಟವರ ಮಾತೆಲ್ಲ ಮಣ್ಣುಪಾಲು. ಮುಂದುವರಿದರೆ ದಿನವೂ ಅದೇ ಕಥೆ, ಮನೆ ಮನೆಯಲ್ಲೂ ಅದೇ ತಟ್ಟೆ. ತನ್ನ ಮನೆಯಲ್ಲಿ ಹೇಳುವಂತಿಲ್ಲ, ಆ ಹುಡುಗಿಯರಿಗೆ ಮಾತು ಕೊಟ್ಟಿದ್ದಾಳೆ. ಗೈಡ್‌ಗೆ ಹೇಳಿದರೆ, ಫೀಲ್ಡ್‌ವರ್ಕ್ ಅಂದಮೇಲೆ ಗಟ್ಟಿಯಾಗಬೇಕಮ್ಮ ಎಂದಿದ್ದರಂತೆ.

ಅವತ್ತು ನಾನು ತಟ್ಟೆ ಇಡಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದೆ.

"ಸಹಿ ಹಾಕಿರೋಳು ನಾನೂ ಇದೀನಲ್ಲ. ನಂಗೆ ಹೇಳು. ಟೈಪ್ ಮಾಡಲ್ಲ."

ಅವಳು ತಲೆ ಎತ್ತದೆ, "ನನ್ನೂ ತೂಗಿದ್ರು ಆಂಟಿ. ಬೇರೆ ಊರು, ಅಷ್ಟೇ" ಎಂದಳು. ಮೇಜಿನ ಮೇಲಿನ ಬಿಸಿಲು ಗೋಡೆಗೆ ಸರಿಯುವವರೆಗೂ ಮಾತಾಡಿದಳು. ಮಧ್ಯೆ ಒಂದು ಲೋಟ ನೀರು ಕೇಳಿದಳು, ಬೇರೇನೂ ಇಲ್ಲ. ಆಮೇಲೆ ಗೈಡ್ ಬಳಿ ಹಟ ಹಿಡಿದು ಕೆಲವು ತಿಂಗಳು ರಜೆ ಪಡೆದಳು, ಮೈಸೂರಿನಲ್ಲಿ ಕೌನ್ಸೆಲಿಂಗ್‌ಗೆ ಹೋದಳು. ಈಗ ಪ್ರಬಂಧ ಬರೆಯುತ್ತಿದ್ದಾಳೆ. ಊಟ ಇನ್ನೂ ಪೂರ್ತಿ ಸರಿಹೋಗಿಲ್ಲ.

ಹೋದ ವರ್ಷ ಹೊನ್ನೂರಿನಲ್ಲಿ ಮದುವೆ. ಪಂಕ್ತಿಯಲ್ಲಿ ಕೂತಿದ್ದೆ. ಹಿಂದಿನ ಸಾಲಿನಿಂದ ಒಂದು ದನಿ: "ಇನ್ನೊಸಿ ಆಕಸ್ಕಳವ್ವಾ, ಆ ಆಟ ಬುಟ್ಮೇಲಾರ ಮೈ ಇಡೀಬೇಕು ತಾನೇ." ಮುಖ ಕಂಡವಳಲ್ಲ, ಆದರೆ ಹನೂರಿನ ಆ ಅಮ್ಮನ ದನಿಯನ್ನು ರೆಕಾರ್ಡಿಂಗ್‌ನಲ್ಲಿ ಎಷ್ಟು ಸಲ ಹಿಂದೆ ತಿರುಗಿಸಿ ಕೇಳಿದ್ದೆನೋ. ಮಗಳು "ಊಂ" ಎಂದಳು. ಅಷ್ಟೇ.

ತಿರುಗಿ ನೋಡಲಿಲ್ಲ. ನೋಡುವ ಹಕ್ಕು ನನಗಿರಲಿಲ್ಲ. ಕೇಳಿಸಿಕೊಂಡದ್ದನ್ನು ಹೊರಲು ಇಬ್ಬರಾದರೂ ಬೇಕೆಂದು ಈ ಕೆಲಸ ಕಲಿಸಿದೆ. ಎಲೆ ಮಡಚಿ, ಕೈ ತೊಳೆದು, ಛತ್ರದ ಹೊರಗೆ ನಿಂತು ಪಲ್ಲವಿಗೆ ಫೋನ್ ಮಾಡಿದೆ.

"ಇವತ್ತು ನೀನು ಕೇಳಿಸ್ಕೊ" ಎಂದೆ.