ಮಾತೆಗೆ ಮುಂದಿನ ಮನೆ

ಒಣಗಿದ ತೆಂಗಿನ ಗರಿ ಸುಡುವ ವಾಸನೆ ಬೇರೆ ಯಾವ ಹೊಗೆಗೂ ಇಲ್ಲ. ಈ ವರ್ಷ ವಿಭೂತಿ ಬುಧವಾರಕ್ಕೆ ಮೊದಲು, ಹೊಸಪೇಟೆಯ ನಮ್ಮ ಚರ್ಚಿನ ಹಿಂದೆ ತಗಡಿನ ಡಬ್ಬಿಯೊಂದರಲ್ಲಿ ಹೋದ ವರ್ಷ ಗರಿಗಳ ಭಾನುವಾರ ಮಂತ್ರಿಸಿ ಹಂಚಿದ್ದ ಗರಿಗಳನ್ನು ಸುಡುತ್ತಿದ್ದರು. ಅದರ ಬೂದಿಯನ್ನೇ ಬುಧವಾರ ನಮ್ಮ ಹಣೆಗೆ ಹಚ್ಚುವುದು. ಬೈಕ್ ನಿಲ್ಲಿಸಿ ಹೆಲ್ಮೆಟ್ ತೆಗೆದವನು ಹಾಗೇ ನಿಂತುಬಿಟ್ಟೆ. ಆ ಹೊಗೆಯ ಪಕ್ಕದಲ್ಲಿ ಸೆರಗನ್ನು ಮೂಗಿಗೆ ಒತ್ತಿಕೊಂಡು, ಕಡ್ಡಿಯಿಂದ ಬೆಂಕಿ ಕೆದಕುತ್ತ, ಸುತ್ತ ನಿಂತವರನ್ನು ಬೈಯುತ್ತ ಒಬ್ಬಾಕೆ ಇರಬೇಕಿತ್ತು... ಇರಲಿಲ್ಲ.

ಆಕೆ ನನ್ನ ಜ್ಞಾನತಾಯಿ. ರಕ್ತಸಂಬಂಧವೇನಲ್ಲ. ನನ್ನ ದೀಕ್ಷಾಸ್ನಾನದ ದಿನ ನನ್ನನ್ನು ಎತ್ತಿಕೊಂಡು ನಿಂತು, ಈ ಮಗುವಿನ ವಿಶ್ವಾಸಕ್ಕೆ ನಾನು ಹೊಣೆ ಎಂದು ದೇವರ ಮುಂದೆ ಮಾತು ಕೊಟ್ಟವಳು. ನಾನು ಕರೆಯುತ್ತಿದ್ದದ್ದು ದೊಡ್ಡಮ್ಮ ಎಂದು. ಗಂಡ ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದವನು, ಬೇಗ ತೀರಿಕೊಂಡಿದ್ದ. ಆಮೇಲೆ ಆಕೆ ಮಗಳನ್ನು ಕರೆದುಕೊಂಡು ಹೊಸಪೇಟೆಗೆ ಬಂದು, ಕಾಲುವೆ ಪಕ್ಕದ ನಮ್ಮ ಓಣಿಯಲ್ಲಿ ಜಂಪರು ಹೊಲಿದು ಬದುಕಿದಳು. ಕೈ ಎಷ್ಟು ನಯವೋ ಬಾಯಿ ಅಷ್ಟೇ ಜೋರು.

ಮಂತ್ರಿಸಿದ ವಸ್ತು ಯಾವುದನ್ನೂ ಕಸಕ್ಕೆ ಹಾಕಬಾರದು ಎಂಬುದು ನಮ್ಮಲ್ಲಿನ ಪದ್ಧತಿ. ಸುಡಬೇಕು, ಇಲ್ಲವೇ ಮಣ್ಣಿನಲ್ಲಿ ಹೂಳಬೇಕು. ಉಳಿದವರು ಇದನ್ನು ನೆನಪಾದಾಗ ಪಾಲಿಸುತ್ತಿದ್ದರು, ದೊಡ್ಡಮ್ಮ ಪೊಲೀಸರ ಹಾಗೆ ಪಾಲಿಸುತ್ತಿದ್ದಳು. ಗರಿಗಳ ಜತೆ ಹರಿದ ಕ್ಯಾಲೆಂಡರಿನ ಚಿತ್ರ, ತುಂಡಾದ ಜಪಸರ ಎಲ್ಲವನ್ನೂ ಮನೆಮನೆಯಿಂದ ಸಿಮೆಂಟು ಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದಳು. "ಲೇ, ತಾಯಿ ಚಿತ್ರ ತಿಪ್ಪಿಗೆ ಹಾಕ್ತೀರಲ್ಲ, ನಿಮ್ಮವ್ವನ ಫೋಟೋ ಹಿಂಗ ಒಗೀತೀರೇನು?" ಎಂದು ಓಣಿಗೆಲ್ಲ ಕೇಳುವಂತೆ ಬೈದದ್ದು ಈಗಲೂ ಕಿವಿಯಲ್ಲಿದೆ.

ಆದರೆ ಆಕೆ ಬದುಕುತ್ತಿದ್ದದ್ದು ಅಕ್ಟೋಬರ್ ತಿಂಗಳಿಗಾಗಿ. ಆ ತಿಂಗಳು ಮೊಳದುದ್ದದ ಮಾತೆ ಮರಿಯಮ್ಮನ ಪ್ರತಿಮೆ ನಮ್ಮ ಮನೆಗಳಲ್ಲಿ ಸುತ್ತುತ್ತಿತ್ತು. ಒಂದು ದಿನ ಒಂದು ಮನೆ. ಸಂಜೆ ಎಲ್ಲರೂ ಆ ಮನೆಯಲ್ಲಿ ಕೂಡಿ ಜಪಸರದ ಪ್ರಾರ್ಥನೆ ಹೇಳಿ, ಮರುದಿನ ಪ್ರತಿಮೆಯನ್ನು ಮುಂದಿನ ಮನೆಗೆ ಕರೆದೊಯ್ಯುವುದು. ಎತ್ತಿಕೊಂಡು ಹೋಗುತ್ತಿದ್ದವಳು ದೊಡ್ಡಮ್ಮನೇ, ಕೂಸಿನ ಹಾಗೆ ಸೆರಗು ಮುಚ್ಚಿ. ಓಣಿಯಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಆದರೂ ಎದುರುಮನೆಯ ಶರಣಮ್ಮನಂಥ ಲಿಂಗಾಯತರ ಅಜ್ಜಿ ಕೂಡ ಆ ದಿನಗಳಲ್ಲಿ ಮಲ್ಲಿಗೆ ದಂಡೆ ಕಟ್ಟಿ ಕೊಡುತ್ತಿದ್ದಳು. ಯಾರಿಗೂ ಯಾರ ದೇವರ ಮೇಲೂ ಸಿಟ್ಟಿರಲಿಲ್ಲ. ಇದ್ದರೂ ಅದನ್ನು ಹೇಳಲು ಅವರ ಕೈಯಲ್ಲಿ ಫೋನಿರಲಿಲ್ಲ.

ಫೋನು ಬಂತು. ಮಗಳು ಕಂಪ್ಲಿಗೆ ಮದುವೆಯಾಗಿ ಹೋದ ಮೇಲೆ, ತಾಯಿಯ ಮುಖ ನೋಡಲಿಕ್ಕೆಂದು ತನ್ನ ಹಳೆಯ ಫೋನು ತಂದುಕೊಟ್ಟಳು. ದೊಡ್ಡಮ್ಮನಿಗೆ ಓದು ಅಷ್ಟಕ್ಕಷ್ಟೆ, ಅಕ್ಷರ ಕೂಡಿಸಿ ಕೂಡಿಸಿ ಓದಬೇಕು. ಅದಕ್ಕೇ ಚಿತ್ರ ನೋಡಿ ಒತ್ತುತ್ತಿದ್ದಳು. ಮಾತೆಯ ಚಿತ್ರ ಎಲ್ಲಿ ಕಂಡರೂ ಸರಿ, ನಮ್ಮ ಚರ್ಚಿನ ಗ್ರೂಪಿಗೆ ಕಳಿಸಿಬಿಡುವುದು, ಜತೆಗೆ ಕೈ ಮುಗಿದ ಗುರುತು. ಮಷೀನಿನ ಸದ್ದಿನಲ್ಲಿ ಹೇಗೂ ಕೇಳಿಸುವುದಿಲ್ಲವೆಂದು ದನಿ ಪೂರಾ ಇಳಿಸಿಟ್ಟಿರುತ್ತಿದ್ದಳು. ನಾವು ತಮಾಷೆ ಮಾಡುತ್ತಿದ್ದೆವು, ದೊಡ್ಡಮ್ಮ ಈಗ ಮಾತೆಯನ್ನು ಸೆರಗಿನಲ್ಲಲ್ಲ, ಫೋನಿನಲ್ಲಿ ಹೊತ್ತು ತಿರುಗುತ್ತಾಳೆ ಎಂದು.

ಫೋನು ಬಂದ ಮೇಲಿನ ಒಂದು ಅಕ್ಟೋಬರಿನಲ್ಲಿ ಮೊದಲನೆಯ ಮನೆಯವರು ಜ್ವರ ಅಂದರು. ಎರಡನೆಯ ಮನೆಗೆ ಬೀಗರು ಬಂದಿದ್ದರಂತೆ. ದೊಡ್ಡಮ್ಮ ಪ್ರತಿಮೆ ಎತ್ತಿಕೊಂಡು ಮೂಲೆಮನೆಗೆ ನಡೆದಳು, ನಾನು ಮೇಣದಬತ್ತಿ ಹಿಡಿದು ಹಿಂದೆ ಹೋದೆ. ಆ ಮನೆಯ ಯಜಮಾನನಿಗೆ ಚಿಕ್ಕಂದಿನಲ್ಲಿ ಪ್ರಾರ್ಥನೆ ಕಲಿಸಿದವಳು ಈಕೆಯೇ. ಅವನು ಬಾಗಿಲಿಗೆ ಬಂದು ನಕ್ಕ.

"ಬರ್ರಿ ದೊಡ್ಡಮ್ಮ, ಚಾ ಕುಡದು ಹೋಗ್ರಿ," ಅಂದ. ಆಮೇಲೆ ಮೆಲ್ಲಗೆ, "ಅದನ್ನಷ್ಟ ಹೊರಗ ಕಟ್ಟಿ ಮ್ಯಾಲ ಇಟ್ಟು ಬರ್ರಿ."

"ಅದು ಅಂದ್ರ?"

"ತಪ್ಪು ತಿಳ್ಕೋಬ್ಯಾಡ್ರಿ. ಮೂರ್ತಿಗೆ ಕೈ ಮುಗಿಯೂದು ಇನ್ನ ಬ್ಯಾಡಂತ ಮನ್ಯಾಗ ಮಾತಾಡ್ಕೊಂಡೀವಿ."

"ಯಾರಪ್ಪಾ ನಿನಗ ಇದನ್ನ ಹೇಳಿದೋರು?"

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನೀವ ಕಳಿಸಿದ್ರಲ್ರೀ ವಿಡಿಯೋ! ನೀವು ಕಳಿಸೀರಂತ ಎಲ್ಲಾರೂ ಕುಂತು ಪೂರಾ ನೋಡಿದ್ವಿ."

ದೊಡ್ಡಮ್ಮ ಒಳಗೆ ಹೋಗಲಿಲ್ಲ. ನೇರ ನಮ್ಮ ಮನೆಗೆ ಬಂದು ಪ್ರತಿಮೆಯನ್ನು ಮೇಜಿನ ಮೇಲಿಟ್ಟು, ಫೋನು ನನ್ನ ಕೈಗೆ ಕೊಟ್ಟು, "ದನಿ ಜೋರು ಮಾಡಿ ಹಚ್ಚು" ಅಂದಳು. ಹಚ್ಚಿದೆ. ಹೊರಗಿನ ಚಿತ್ರ ಬೆಳಕಿನ ನಡುವೆ ನಿಂತ ಮಾತೆಯದು. ಒಳಗೆ ಮೂರ್ತಿಗಳನ್ನು ಒಪ್ಪದ ಬೇರೊಂದು ಸಭೆಯ ಬೋಧಕ ಬೈಬಲ್ ಹಿಡಿದುಕೊಂಡು, ಬೆಣ್ಣೆಯಂಥ ದನಿಯಲ್ಲಿ, ಇವಳ ಮುಂದೆ ಮೊಣಕಾಲೂರುವವರು ನರಕಕ್ಕೆ ಹೋಗುತ್ತಾರೆ, ನಿಮ್ಮ ಹಿರಿಯರು ನಿಮಗೆ ಮೋಸ ಮಾಡಿದ್ದಾರೆ ಎಂದು ಅರ್ಧ ಗಂಟೆ ವಿವರಿಸುತ್ತಿದ್ದ. ನಮ್ಮನ್ನು ಅಕ್ಕಿಚೀಲದ ಆಸೆಗೆ ಧರ್ಮ ಮಾರಿಕೊಂಡವರು ಎಂದು ಬೈಯುವ ವಿಡಿಯೋಗಳೂ ಬರುತ್ತಿದ್ದವು, ಅವನ್ನು ನಾವು ಉಗಿದು ಮುಂದೆ ಹೋಗುತ್ತಿದ್ದೆವು. ಇವನು ಬೈಯುತ್ತಿರಲಿಲ್ಲ, ಅಳುತ್ತಿದ್ದ. ದೊಡ್ಡಮ್ಮ ಕೊನೆಯತನಕ ಕೇಳಿದಳು.

"ತಗದುಬಿಡು," ಅಂದಳು.

ನೀನೇ ತೆಗಿ, ಬಹಳ ಸುಲಭ ಎಂದು ಹೇಗೆ ಒತ್ತಬೇಕೆಂದು ತೋರಿಸಿದೆ. ಆಕೆ ಬೆರಳಿಟ್ಟಳು. ಮೇಲೆ ಕಸದ ಡಬ್ಬಿಯ ಗುರುತು ಬಂತು, ಕೆಳಗೆ ಮಾತೆಯ ಮುಖ. ಬೆಂಕಿ ಮುಟ್ಟಿದವಳಂತೆ ಕೈ ಹಿಂದೆಗೆದಳು.

"ಕಸದ ಡಬ್ಬಿಗೆ ಹಾಕೂದೇನೋ?"

"ದೊಡ್ಡಮ್ಮ, ಅದು ತಾಯಿ ಅಲ್ಲ. ಅವನು ಮಾಡಿದ ಮೋಸ."

"ಮೋಸ ಅವಂದು. ಮುಖ ತಾಯೀದಲ್ಲೋ..." ಆಮೇಲೆ ಕೇಳಿದಳು, "ಸುಡಾಕ ಬರಂಗಿಲ್ಲೇನು?"

ನನಗೆ ಸಿಟ್ಟು ಬಂತು. ತೆಗೆದರೂ ಏನು ಬಂತು, ಅದು ಆಗಲೇ ಎಲ್ಲರ ಫೋನಿನಲ್ಲಿತ್ತು. ಅದನ್ನು ಆಕೆಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಮರುದಿನದಿಂದ ಆಕೆ ಮಷೀನು ಮುಚ್ಚಿಟ್ಟು ಮನೆಮನೆಗೆ ಹೋದಳು. ವಾದ ಮಾಡಲು ಆಕೆಗೆ ಬರುತ್ತಿರಲಿಲ್ಲ, ತಪ್ಪಾಯಿತು ಅನ್ನಲಷ್ಟೇ ಬರುತ್ತಿತ್ತು. ಎಲ್ಲರೂ ಕುರ್ಚಿ ಹಾಕಿದರು, ಚಹಾ ಕೊಟ್ಟರು, ಇರ್ಲಿ ಬಿಡ್ರಿ ದೊಡ್ಡಮ್ಮ ಅಂದರು. ಎಲ್ಲರೂ ಕ್ಷಮಿಸಿದರು. ಮಾತೆಯನ್ನು ಮಾತ್ರ ಯಾರೂ ಮನೆಗೆ ಕರೆಯಲಿಲ್ಲ. ಫಾದರ್ ಭಾನುವಾರದ ಪೂಜೆಯಲ್ಲಿ ಹೇಳಿದರು, ಅಂಥದ್ದನ್ನು ನೋಡಬೇಡಿ, ನೋಡಿ ಸಂಶಯ ಬಂದರೆ ನನ್ನನ್ನು ಬಂದು ಕೇಳಿ ಎಂದು. ಒಳ್ಳೆಯ ಮಾತೇ. ಆದರೆ ಸಂಶಯವನ್ನು ಹುಡುಕಿಕೊಂಡು ಯಾರೂ ಬಸ್ಸು ಹತ್ತಬೇಕಾಗಿಲ್ಲ, ಅದು ಅಂಗೈಗೇ ಬರುತ್ತದೆ. ಉತ್ತರಕ್ಕಾದರೆ ಭಾನುವಾರದವರೆಗೆ ಕಾಯಬೇಕು.

"ನೀ ಓದಿದಾವ. ಅವನಿಗೆ ಏನು ಉತ್ತರ ಕೊಡಬೇಕು, ನೋಡಿ ಹೇಳು," ಎಂದು ದೊಡ್ಡಮ್ಮ ನನಗೆ ವಹಿಸಿದಳು. ನಾನು ಕೆಲಸ ಮಾಡುವ ಫ್ಯಾಕ್ಟರಿಯಲ್ಲಿ ಊಟದ ಬಿಡುವಿನಲ್ಲಿ ಕೂತು ನೋಡತೊಡಗಿದೆ. ಒಂದಕ್ಕೆ ಉತ್ತರ ಸಿಕ್ಕುವಷ್ಟರಲ್ಲಿ ಫೋನು ಅಂಥವೇ ಇನ್ನಷ್ಟನ್ನು ತಂದು ಸುರಿಯುತ್ತಿತ್ತು. ಮೂರ್ತಿಪೂಜಕರು ಅನ್ನುವವರು, ದೇಶ ಬಿಡಿ ಅನ್ನುವವರು, ದೇವರೇ ಇಲ್ಲ ಎಂದು ನಗುವವರು. ಉತ್ತರಗಳಿದ್ದವು, ಇಲ್ಲವೆನ್ನುವುದಿಲ್ಲ. ಒಂದಿಷ್ಟನ್ನು ಆಕೆಗೆ ಹೇಳಿದೆ ಕೂಡ. ಆದರೆ ಆಕೆಗಾಗಿ ಉತ್ತರ ತರಲು ಹೋದವನು ನನಗಾಗಿ ಪ್ರಶ್ನೆಗಳನ್ನು ಹೊತ್ತುಕೊಂಡು ಬಂದಿದ್ದೆ... ಅವು ಇನ್ನೂ ಇಳಿದಿಲ್ಲ.

ಸಕ್ಕರೆ ಕಾಯಿಲೆ ಏರಿ ಕಾಲಿನ ಗಾಯ ಮಾಯದೇ ಹೋದಾಗ ಮಗಳು ಬಂದು ಕಂಪ್ಲಿಗೆ ಕರೆದೊಯ್ದಳು. ಹೊರಡುವ ದಿನ ದೊಡ್ಡಮ್ಮ ಪ್ರತಿಮೆಯನ್ನು ನನ್ನ ಕೈಗಿಟ್ಟಳು. "ಮುಂದಿನ ಮನಿ ಸಿಗೂ ತನಕ ನಿನ್ನ ಮನ್ಯಾಗ ಇರ್ಲಿ," ಅಂದಳು.

ಬೇಸಿಗೆಯಲ್ಲಿ ನೋಡಲು ಹೋದೆ. ಗುರುತೇ ಸಿಗದಷ್ಟು ಇಳಿದುಹೋಗಿದ್ದಳು. ನನ್ನ ಹೆಂಡತಿಯ ಕ್ಷೇಮ ಕೇಳಲಿಲ್ಲ, ತನ್ನ ಕಾಲಿನ ಮಾತೂ ಎತ್ತಲಿಲ್ಲ.

"ತಾಯಿ ಯಾರ ಮನ್ಯಾಗ ಅದಾಳ?"

"ನಮ್ಮ ಮನ್ಯಾಗ, ದೊಡ್ಡಮ್ಮ."

"ಇನ್ನೂ?" ಅಂದಳು. ಗೋಡೆಯ ಕಡೆ ಹೊರಳಿದಳು. ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡಳು. "ನೀನರ ನಂಬ್ತೀ ಹೌದಲ್ಲೋ? ನಿನ್ನ ನಂಬಿಕಿ ಹೊಣಿ ನನ್ನ ಮ್ಯಾಲ ಐತಿ." ನಾನು ಹೂಂ ಅಂದೆ. ಬೇರೆ ಏನು ಅನ್ನಲಿ? ಮಳೆ ಹಿಡಿಯುವ ಮೊದಲೇ ಆಕೆ ಹೋದಳು. ಮಣ್ಣಿಗೆ ಎಲ್ಲರೂ ಬಂದರು, ಮೂಲೆಮನೆಯವನಂತೂ ಮಗುವಿನ ಹಾಗೆ ಅತ್ತ.

ಪ್ರತಿಮೆ ಈಗಲೂ ನಮ್ಮ ಮನೆಯಲ್ಲೇ ಇದೆ. ಪ್ರತಿ ಅಕ್ಟೋಬರಿನಲ್ಲೂ ಕೇಳುತ್ತೇನೆ, ಎಲ್ಲರೂ ಪ್ರೀತಿಯಿಂದಲೇ ಬೇಡ ಅನ್ನುತ್ತಾರೆ. ಆ ದಿನ ಅಷ್ಟು ಜೋರಾಗಿ ಹಚ್ಚಿದ್ದ ವಿಡಿಯೋವನ್ನು ನನ್ನ ಹೆಂಡತಿಯೂ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದಳು. ಅಂದಿನಿಂದ ಅವಳು ಜಪಕ್ಕೆ ಬಂದು ಕೂರುವುದಿಲ್ಲ. ಜಪಸರವೆಂದರೆ ಒಬ್ಬರು ಅರ್ಧ ಹೇಳಿದರೆ ಉಳಿದರ್ಧವನ್ನು ಮಿಕ್ಕವರು ಹೇಳಿ ಮುಗಿಸುವ ಪ್ರಾರ್ಥನೆ. ನಾನು ಅರ್ಧ ಹೇಳಿ ಅಭ್ಯಾಸಬಲದಿಂದ ನಿಲ್ಲುತ್ತೇನೆ. ಒಳಗೆ ಕುಕ್ಕರಿನ ಸದ್ದು. ಉಳಿದರ್ಧವನ್ನೂ ನಾನೇ ಹೇಳುತ್ತೇನೆ, ಎಷ್ಟೋ ದಿನ ನಂಬಿಕೆಯೇ ಇಲ್ಲದೆ. ಹಾಗೆ ಹೇಳಿದ್ದು ಮೇಲಕ್ಕೆ ಮುಟ್ಟುತ್ತದೋ ಇಲ್ಲವೋ ಎಂದು ನಾನು ಕೇಳಬಹುದಾಗಿದ್ದದ್ದು ದೊಡ್ಡಮ್ಮ ಒಬ್ಬಳನ್ನೇ.