ಮೇಜಿನ ಆ ಬದಿ

೨೦೨೨ರಲ್ಲಿ ನನಗೆ ಐವತ್ತೊಂದು ವರ್ಷ. ಧಾರವಾಡದ ಶಾಲೆಯೊಂದರಲ್ಲಿ ಹದಿನೆಂಟು ವರ್ಷ ವ್ಯಾಕರಣ ಕಲಿಸಿದ ಮೇಲೆ ಕೊಂಕಣಿ ಸೀಮೆಯ ಕುಂಕಳ್ಳಿಯ ಪ್ಯಾಕಿಂಗ್ ಕಾರ್ಖಾನೆಯೊಂದರಲ್ಲಿ ತರಬೇತಿ ಅಧಿಕಾರಿಯಾಗಿದ್ದೆ.

ಆ ಜೂನ್ ತಿಂಗಳಲ್ಲಿ ತರಬೇತಿ ಕೋಣೆಗೆ ಟಚ್‌ಸ್ಕ್ರೀನ್ ಮೇಜು ಬಂತು. ಮೇಲ್ಮೈಯೇ ಪರದೆ, ನಾಲ್ವರು ಸುತ್ತ ನಿಂತು, ಒಟ್ಟಿಗೆ ಬೆರಳಾಡಿಸಿ, ಕೂಡಿ ಸಮಸ್ಯೆ ಬಿಡಿಸಬೇಕು. ಅಂಥ ಮೇಜಿಗೆ ಮೇಲು ಕೆಳಗೆಂಬುದಿಲ್ಲ. ನಾನು ಮಾತ್ರ ಒಂದು ಬದಿಗೆ ಕುರ್ಚಿ ಹಾಕಿಕೊಂಡು ಅದನ್ನು ನನ್ನದೆಂದು ಗೊತ್ತುಮಾಡಿಕೊಂಡೆ.

ಪ್ಯಾಕಿಂಗ್ ಸಾಲೊಂದನ್ನು ನೋಡಿಕೊಳ್ಳುವ ಲೈನ್ ಲೀಡರ್ ಹುದ್ದೆ ಒಂದೇ ಖಾಲಿ ಇತ್ತು. ಮೋತಿ ಡೊಂಗರ್ ಎಂಬ ಬಡಾವಣೆಯಿಂದ ಬರುತ್ತಿದ್ದ ವಿಜಯಪುರದ ಹೆಣ್ಣುಮಗಳೊಬ್ಬಳು ಅದನ್ನು ಬಯಸಿದ್ದಳು. ಆರು ವರ್ಷ ಪೆಟ್ಟಿಗೆ ಸಾಗಿಸುವ ಬೆಲ್ಟಿನ ಮುಂದೆ ನಿಂತೇ ದುಡಿದವಳು. ಯಂತ್ರದಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಾಗ ಮಾಡಬೇಕಾದ ಐದು ಕೆಲಸಗಳ ಚಿತ್ರಗಳನ್ನು ಕ್ರಮವಾಗಿ ಜೋಡಿಸುವುದೇ ಪರೀಕ್ಷೆ. ನನ್ನ ಎದುರು ಬದಿಯಲ್ಲಿ ನಿಂತ ಅವಳು ಕೊಂಕಣಿ, ಹಿಂದಿ ಬೆರೆಸಿ ಜೊತೆಗೆ ನಿಂತ ಮೂವರು ಕೆಲಸಗಾರರೊಡನೆ ಚರ್ಚಿಸಿ ಜೋಡಿಸಿದಳು. ನಾನು ನನ್ನ ಎಡದಿಂದ ಬಲಕ್ಕೆ ಓದಿದೆ: ಮೊದಲು ಯಂತ್ರದೊಳಗೆ ಕೈ, ಕೊನೆಗೆ ಸ್ವಿಚ್.

“ಕೈ ತುಂಡಾದ ಮ್ಯಾಲೆ ಸ್ವಿಚ್ ಆರಸ್ತೀ ಏನವಾ?” ಎಂದೆ. ಎಲ್ಲರೂ ನಕ್ಕರು.

“ಸರ, ಈ ಕಡಿ ಬಂದು ನೋಡ್ರಿ.”

“ಮಾಸ್ತರ ನಿನ್ನ ಬೆಂಚಿಗೆ ಬರಬೇಕೇನು?”

ಅನುತ್ತೀರ್ಣಳೆಂದು ಬರೆದೆ. ಚಿತ್ರಗಳೆಲ್ಲ ನನಗೆ ತಲೆಕೆಳಗಾಗಿಯೇ ಕಾಣುತ್ತಿದ್ದವು. ಅವಳ ಎಡವೇ ನನ್ನ ಬಲವೆಂದು ತಿಳಿಯಲು ಅಷ್ಟೇ ಸಾಕಿತ್ತು.

ಅಂದು ಸಂಜೆ ಗಾಜು ಒರೆಸುತ್ತ ಆ ಬದಿಗೆ ಹೋದೆ. ಚಿತ್ರಗಳು ಹಾಗೆಯೇ ಇದ್ದವು. ಐದೂ ಸರಿ.

ಮರುದಿನವೇ ಹೇಳಬಹುದಿತ್ತು. ಹೇಳಲಿಲ್ಲ. ಬೇರೆ ಯಾರೂ ಅರ್ಜಿ ಹಾಕಿರದ ಕಾರಣ ಹುದ್ದೆ ಖಾಲಿಯೇ ಉಳಿಯಿತು. ದಿನವೂ ಗೇಟಿನ ಬಳಿ ಅವಳು “ನಮಸ್ಕಾರ್ರಿ ಸರ” ಎಂದಾಗ ನಾನು ಕೈಗಡಿಯಾರ ನೋಡುತ್ತಿದ್ದೆ. ಮಕ್ಕಳ ಉತ್ತರಪತ್ರಿಕೆಯಲ್ಲಿ ಒಂದು ಅಲ್ಪವಿರಾಮವನ್ನೂ ಕ್ಷಮಿಸದವನು ನಾನು.

ಅಕ್ಟೋಬರಿನಲ್ಲಿ, ಮ್ಯಾನೇಜರರ ಎದುರು, ಮರುಪರೀಕ್ಷೆ ನಡೆಯಿತು. ಈ ಸಲ ಅವಳು ಒಂದೊಂದು ಚಿತ್ರವನ್ನೂ ನನ್ನತ್ತ ತಿರುಗಿಸಿ, ತನ್ನ ಬಲದಿಂದ ಎಡಕ್ಕೆ ಜೋಡಿಸಿದಳು.

“ನಿಮಗ ತ್ರಾಸ ಆಗಬಾರದಂತ ನಿಮ್ಮ ಕಡಿ ಮುಖಾ ಮಾಡಿ ಇಟ್ಟೇನ್ರಿ ಸರ.”

ಯಾರೋ ಕಿಸಕ್ಕನೆ ನಕ್ಕರು. ನಾನು ಎದ್ದು ಮೇಜನ್ನು ಸುತ್ತಿ ಅವಳ ಪಕ್ಕಕ್ಕೆ ಹೋಗಿ ನಿಂತೆ.

“ಅವತ್ತೂ ನಿಂದು ಸರಿ ಇತ್ತು,” ಎಂದೆ.

“ನನಗ ಗೊತ್ತೈತ್ರಿ. ನಿಮಗ ಯಾವಾಗ ಗೊತ್ತಾತು?”

“ಅವತ್ತ ಸಂಜೀಕ.”

ಈಗ ಯಾರೂ ನಗಲಿಲ್ಲ. ಅವಳು ಪರದೆಯನ್ನೇ ನೋಡುತ್ತಿದ್ದಳು.

ಹೊಸ ಫಲಿತಾಂಶ ಬರೆಯುವ ಬದಲು ಹಳೆಯದನ್ನೇ ತಿದ್ದಿ, ತಪ್ಪು ನನ್ನದೆಂದು ಕಾರಣ ನಮೂದಿಸಿ, ಸಹಿ ಮಾಡಿದೆ. ನೇಮಕದ ಪತ್ರ ಅವಳ ಕೈಸೇರಿದ್ದು ೨೦೨೨ರ ಅಕ್ಟೋಬರ್ ೧೪, ಶುಕ್ರವಾರ.