ನಾನು ಬರೆದ ನಾಲ್ಕು ಎಳೆಯ ಪ್ರೋಗ್ರಾಮು

ಕೊಟ್ಟೂರಿನ ಒಂದು ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ನಾನು ಕಂಪ್ಯೂಟರಿನ ಕೆಲಸಗಳನ್ನೆಲ್ಲ ನಡೆಸುವ ಆಪರೇಟಿಂಗ್ ಸಿಸ್ಟಮ್ ಬಗ್ಗೆ ಪಾಠ ಮಾಡುತ್ತಿದ್ದೇನೆ. ಒಂದೇ ಪ್ರೋಗ್ರಾಮಿನೊಳಗೆ ಹಲವು ಕೆಲಸ ಜೊತೆಜೊತೆಗೆ ಸಾಗಿಸುವ ಥ್ರೆಡ್‌ಗಳು, ಅಂದರೆ ಎಳೆಗಳು; ಯಾವ ಎಳೆಗೆ ಯಾವಾಗ ಸರದಿ ಎಂದು ಸಿಸ್ಟಮ್ ನಿರ್ಧರಿಸುವ ಶೆಡ್ಯೂಲಿಂಗ್: ನಿದ್ದೆಗಣ್ಣಲ್ಲಿ ಕೇಳಿದರೂ ಹೇಳಬಲ್ಲೆ. ಸ್ವತಃ ಬರೆದು ನೋಡಿದ್ದು ಮಾತ್ರ ಒಂದು ಸಲವೂ ಇರಲಿಲ್ಲ.

ಹೋದ ವರ್ಷ ಹಾಲ್ ಟಿಕೆಟ್ ಕೊಡಲು ಆಫೀಸಿನಲ್ಲಿ ನಾಲ್ಕು ಕಿಟಕಿ ತೆರೆದರು. ಕಿಟಕಿಗೊಂದು ಪ್ರಿಂಟರು, ಎಲ್ಲಕ್ಕೂ ಸೇರಿ ಒಂದೇ ಹಳೆಯ ಕಂಪ್ಯೂಟರು.

"ಪ್ರೋಗ್ರಾಮ್ ನಾನ ಬರೀತೀನ್ರಿ. ಕಿಟಕಿಗೊಂದು ಎಳಿ!" ಎಂದು ಪ್ರಿನ್ಸಿಪಾಲ್ ಓಬಳೇಶಪ್ಪನವರ ಮುಂದೆ ಎದೆಯುಬ್ಬಿಸಿದೆ.

ಮೊದಲ ದಿನ ಅರ್ಧ ಗಂಟೆ ಚೆನ್ನಾಗಿಯೇ ನಡೆಯಿತು. ಆಮೇಲೆ ಮೂರನೇ ಕಿಟಕಿಯ ಪ್ರಿಂಟರಿನಲ್ಲಿ ಕಾಗದ ಮುಗಿಯಿತು. ನಾಲ್ಕೂ ಕಿಟಕಿ ಗಪ್ಪಾದವು. ನಾನು ಮೊದಲು ಕರೆಂಟಿಗೆ ಬೈದೆ, ನಂತರ ವೈರಿಗೆ, ಕೊನೆಗೆ ಇಲಿಗಳಿಗೆ.

ಲ್ಯಾಬ್ ನೋಡಿಕೊಳ್ಳುವ ಶಾಂತಕುಮಾರಿ ಬಂದು ಪರದೆ ನೋಡಿದಳು. ತಂಬ್ರಹಳ್ಳಿಯವಳು, ನನ್ನದೇ ಹಳೆಯ ವಿದ್ಯಾರ್ಥಿನಿ.

"ಸರ್, ನಾಲ್ಕು ಎಳಿ ಅದಾವಂತ ನಿಮ್ಮ ಪ್ರೋಗ್ರಾಮಿಗೆ ಅಷ್ಟ ಗೊತ್ತು. ಸಿಸ್ಟಮಿಗೆ ಕಾಣೋದು ಒಂದ. ಅದರಾಗ ಒಂದು ಎಳಿ ಕಾಗದಕ್ಕ ಕಾಯಾಕ ನಿಂತರ, ಸಿಸ್ಟಮ್ ಎಲ್ಲಾನೂ ಕೂಡೇ ಮಲಗಿಸ್ತೈತಿ."

"ಇದನ್ನ ನಿನಗ್ಯಾರು ಹೇಳಿದ್ರು?"

"ನೀವ ಸರ್. ನೋಟ್ಸ್ ಬರೆಸಿದ್ರಿ."

ಕಿಟಕಿಯಾಚೆ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಕನ್ನಡಕ ಒರೆಸಿಕೊಂಡೆ. ಅದು ಕೊಳೆಯಾಗಿರಲಿಲ್ಲ.

ಪ್ರತಿ ಎಳೆಯೂ ಸಿಸ್ಟಮಿಗೇ ಕಾಣುವಂತೆ ಅವಳು ಅಲ್ಲೇ ತಿದ್ದಿದಳು. ಈಗ ಒಂದು ಪ್ರಿಂಟರ್ ನಿಂತರೂ ಉಳಿದ ಮೂರು ಓಡುತ್ತಿದ್ದವು. ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ಮಾನ ಸ್ವಲ್ಪವಾದರೂ ಉಳಿಯುತ್ತಿತ್ತು. ನಾಲ್ಕಕ್ಕೇ ಇಷ್ಟು ಚುರುಕಾದರೆ ಇನ್ನೂರಕ್ಕೆ ಹೇಗಿರಬೇಡ ಎಂದು ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಆ ದಿನ ಬರಬೇಕಿದ್ದ ಇನ್ನೂರು ವಿದ್ಯಾರ್ಥಿಗಳಿಗೆ ತಲೆಗೊಂದು ಎಳೆ ಇಟ್ಟೆ. ಇನ್ನೂರೂ ಸುಮ್ಮನೆ ಕಾಯದೆ, "ನನ್ನ ಸರದಿ ಬಂತಾ?" ಎಂದು ಎಡೆಬಿಡದೆ ಕೇಳುತ್ತಲೇ ಇರುವಂತೆ ಬರೆದದ್ದೂ ನಾನೇ. ಸರದಿ ಹಂಚುವುದರಲ್ಲೇ ಕಂಪ್ಯೂಟರ್ ಹೈರಾಣಾಗಿ, ಮೊದಲ ಟಿಕೆಟ್ ಬರಲು ಇಪ್ಪತ್ತು ನಿಮಿಷ ಹಿಡಿಯಿತು.

"ಸರ್," ಎಂದಳು ಶಾಂತಕುಮಾರಿ ಮೆಲ್ಲಗೆ, "ನೀವು ಚಾ ಕುಡದು ಬರ್ರಿ."

ನಾನು ಚಾ ಕುಡಿದು ಬರುವಷ್ಟರಲ್ಲಿ ಎಳೆಗಳು ಮತ್ತೆ ನಾಲ್ಕಾಗಿದ್ದವು, ಸಾಲು ಅರ್ಧ ಕರಗಿತ್ತು.

ಈ ವರ್ಷ ಎಳೆಗಳ ಪಾಠ ಶಾಂತಕುಮಾರಿಯೇ ಮಾಡಲಿ ಎಂದು ಪ್ರಿನ್ಸಿಪಾಲರನ್ನು ನಾನೇ ಕೇಳಿಕೊಂಡೆ. ಅವಳ ಮೊದಲ ತರಗತಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಒಬ್ಬ ಹುಡುಗಿ ಪ್ರಶ್ನೆ ಕೇಳಿದ್ದೇ ತಡ, ಹಳೇ ಚಾಳಿ, ಉತ್ತರಕ್ಕೆ ಬಾಯಿ ತೆರೆದೆ.

"ಸರ್, ಕೈ ಎತ್ತಿ ಮಾತಾಡ್ರಿ," ಎಂದಳು ಶಾಂತಕುಮಾರಿ.

ಎತ್ತಿದೆ.